ಹಳೆಯ ಕಾವ್ಯಕ್ಕೆ ಹೊಸ ಧಾಟಿ: ರಾಗಸಂಯೋಜನೆ ಸ್ಪರ್ಧೆಗೆ ಸಿದ್ಧವಾಗುವ ಬಗೆ

ಕನ್ನಡದಲ್ಲಿ ಹಾಡುವವರಿಗೆ ಸ್ಪರ್ಧೆಗಳಿಗೇನೂ ಕೊರತೆಯಿಲ್ಲ. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಹೊರದೇಶದ ಕನ್ನಡ ಕೂಟಗಳ ರಾಜ್ಯೋತ್ಸವದವರೆಗೆ ಭಾವಗೀತೆ, ವಚನ, ದೇವರನಾಮಗಳ ಗಾಯನ ಸ್ಪರ್ಧೆಗಳು ನಡೆಯುತ್ತಲೇ ಇರುತ್ತವೆ. ಆದರೆ ಹಳೆಯ ಕವಿತೆಯೊಂದನ್ನು ಆರಿಸಿಕೊಂಡು ಅದಕ್ಕೆ ನಿಮ್ಮದೇ ಧಾಟಿ ಕೂಡಿಸಿ ತನ್ನಿ ಎಂದು ಕೇಳುವ ಸ್ಪರ್ಧೆ ಬೇರೆಯೇ ಬಗೆಯದು. ಅಲ್ಲಿ ಒಳ್ಳೆಯ ಕಂಠವೊಂದೇ ಸಾಲದು, ರಾಗಜ್ಞಾನವೊಂದೇ ಸಾಲದು. ನೂರಾರು ವರ್ಷಗಳ ಹಿಂದೆಯೇ ಪೂರ್ಣಗೊಂಡಿರುವ ಕವಿತೆಯ ಮುಂದೆ ಕುಳಿತು, ಅದು ಏನು ಹೇಳುತ್ತಿದೆ, ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಮೊದಲು ಕೇಳಿಸಿಕೊಳ್ಳುವ ತಾಳ್ಮೆ ಬೇಕಾಗುತ್ತದೆ. ತೀರ್ಪುಗಾರರು ರಾಗದ ಹೊಸತನಕ್ಕೆ, ಕಲ್ಪನೆಗೆ, ವಾದ್ಯಗಳ ಜೋಡಣೆಗೆ ಅಂಕ ಕೊಡುವುದು ನಿಜ. ಆದರೆ ಧಾಟಿಯೊಳಗೆ ಕವಿತೆಯ ವಾಕ್ಯ ವಾಕ್ಯವಾಗಿಯೇ ಉಳಿದಿದೆಯೇ ಎಂಬ ಪ್ರಶ್ನೆಯಲ್ಲಿ ಸೋತ ಸಂಯೋಜನೆ ಉಳಿದ ಯಾವುದರಲ್ಲಿ ಗೆದ್ದರೂ ಪ್ರಯೋಜನವಿಲ್ಲ ಎಂಬುದು ಈ ಲೇಖನದ ನಿಲುವು. ಕೆಳಗಿನ ಹಂತಗಳೆಲ್ಲವೂ ಆ ನಿಲುವಿನಿಂದಲೇ ಹೊರಟಿವೆ.

1. ನಿಯಮಾವಳಿಯನ್ನು ಓದುವುದು

ಮೊದಲು ನೋಡಬೇಕಾದದ್ದು ಅವಧಿ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು. ಅದಕ್ಕೆ ಮೈಸೂರು ಅನಂತಸ್ವಾಮಿ ಅವರ ಧಾಟಿಯೂ ಸಿ. ಅಶ್ವತ್ಥ್ ಅವರ ಧಾಟಿಯೂ ಬಳಕೆಯಲ್ಲಿದ್ದುದರಿಂದ ಯಾವುದು ಅಧಿಕೃತ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿ, ಪೂರ್ತಿ ಗೀತೆಯನ್ನು 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಗೊತ್ತುಪಡಿಸಿತು. ಆಲಾಪಕ್ಕೆ, ಪುನರಾವರ್ತನೆಗೆ, ನಡುವಿನ ವಾದ್ಯಸಂಗೀತಕ್ಕೆ ಎಷ್ಟೆಷ್ಟು ಜಾಗ ಸಿಗುತ್ತದೆ ಎಂಬುದನ್ನು ಅವಧಿಯೇ ತೀರ್ಮಾನಿಸುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ. ನಿಮ್ಮ ಸ್ಪರ್ಧೆ ನಾಲ್ಕು ನಿಮಿಷ ಕೊಟ್ಟಿದ್ದರೆ ಅದರಲ್ಲಿ ಕವಿತೆಯ ಮಾತಿಗೆ ಕನಿಷ್ಠ ಮೂರು ನಿಮಿಷವಾದರೂ ಮೀಸಲಿರಲಿ.

ಎರಡನೆಯದಾಗಿ, ಕವಿತೆಯ ಸಾಲುಗಳನ್ನು ಬಿಡಬಹುದೇ, ಹಿಂದುಮುಂದು ಮಾಡಬಹುದೇ, ಪದಗಳನ್ನು ಮತ್ತೆ ಮತ್ತೆ ಹಾಡಬಹುದೇ ಎಂಬುದನ್ನು ನಿಯಮಾವಳಿಯಲ್ಲಿ ಹುಡುಕಿ. ಅಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಆಯೋಜಕರನ್ನು ಬರವಣಿಗೆಯಲ್ಲೇ ಕೇಳಿ. ಸ್ವರಲಿಪಿ ಯಾವ ಪದ್ಧತಿಯಲ್ಲಿರಬೇಕು, ಪಕ್ಕವಾದ್ಯ ಎಷ್ಟಿರಬಹುದು, ಸಂಯೋಜಕರೇ ಹಾಡಬೇಕೇ ಅಥವಾ ಬೇರೊಬ್ಬರಿಂದ ಹಾಡಿಸಬಹುದೇ ಎಂಬುದೂ ಈ ಹಂತದಲ್ಲೇ ತಿಳಿದಿರಬೇಕು.

ಮೂರನೆಯದು ಹಕ್ಕಿನ ವಿಚಾರ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಕವಿತೆಗೆ ರಕ್ಷಣೆ ಇರುತ್ತದೆ. ಆ ಲೆಕ್ಕದಲ್ಲಿ ಪಂಪ, ಹರಿಹರ, ವಚನಕಾರರು, ಕುಮಾರವ್ಯಾಸ, ದಾಸರು, ಶಿಶುನಾಳ ಶರೀಫರು ಎಲ್ಲರೂ ಮುಕ್ತ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಮತ್ತು 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ಕವಿತೆಗಳೂ ಮುಕ್ತ. 1963ರಲ್ಲಿ ನಿಧನರಾದ ಗೋವಿಂದ ಪೈ ಅವರ ಕವಿತೆಗಳು 2024ರ ಆರಂಭದಿಂದ ಮುಕ್ತವಾಗಿವೆ. ಆದರೆ 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೆ ಅನುಮತಿ ಬೇಕು. ನಿಮ್ಮ ಧಾಟಿಯ ಮೇಲಿನ ಹಕ್ಕನ್ನು ಆಯೋಜಕರು ಬರೆಸಿಕೊಳ್ಳುತ್ತಾರೆಯೇ ಎಂಬುದನ್ನೂ ನೋಡಿಕೊಳ್ಳಿ. ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಆಗಬೇಕೆಂದು ಕಾಯ್ದೆ ಹೇಳುತ್ತದೆ. ಸಹಿ ಹಾಕುವ ಮುನ್ನ ಅವಧಿ, ವ್ಯಾಪ್ತಿಗಳನ್ನು ಓದುವುದು ಸಂಯೋಜಕರ ಹೊಣೆ.

2. ಕವಿತೆಯ ಆಯ್ಕೆ

ಎಲ್ಲರ ಬಾಯಲ್ಲೂ ಒಂದೇ ಧಾಟಿಯಲ್ಲಿ ನೆಲೆಸಿಬಿಟ್ಟಿರುವ ಕವಿತೆಯನ್ನು ಸ್ಪರ್ಧೆಗೆ ಆರಿಸದಿರುವುದು ಒಳ್ಳೆಯದು. ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬುದನ್ನು ಹೊಸ ರಾಗದಲ್ಲಿ ಕೇಳುವ ತೀರ್ಪುಗಾರರ ಕಿವಿಯಲ್ಲಿ ಯಮುನಾ ಕಲ್ಯಾಣಿಯೇ ಮೊಳಗುತ್ತಿರುತ್ತದೆ. ದಾಸರ ಪದವೇ ಬೇಕೆಂದಾದರೆ ಸಂಪುಟಗಳಲ್ಲಿ ಹಾಡದೆ ಉಳಿದ ನೂರಾರು ರಚನೆಗಳಿವೆ. ಪಲ್ಲವಿ, ಅನುಪಲ್ಲವಿ, ಚರಣಗಳ ಚೌಕಟ್ಟು ಅವುಗಳಲ್ಲಿ ಮೊದಲೇ ಇರುವುದರಿಂದ ಹೊಸಬರಿಗೆ ಅದು ಸುಲಭದ ದಾರಿಯೂ ಹೌದು.

ಷಟ್ಪದಿ, ರಗಳೆ, ವೃತ್ತ, ವಚನಗಳಲ್ಲಿ ಅಂಥ ಚೌಕಟ್ಟಿಲ್ಲ. ಅಲ್ಲಿ ಸಂಯೋಜಕರೇ ಹಾಡಿನ ಆಕಾರವನ್ನು ಕಂಡುಕೊಳ್ಳಬೇಕು. ಕಷ್ಟ ಹೆಚ್ಚು, ಅದಕ್ಕೆ ತಕ್ಕ ಫಲವೂ ಹೆಚ್ಚು. ಆಯ್ಕೆಯ ಸಮಯದಲ್ಲಿ ಉದ್ದವನ್ನು ಲೆಕ್ಕ ಹಾಕಿ ನೋಡಿ. ಭಾಮಿನಿ ಷಟ್ಪದಿಯ ಒಂದು ಪದ್ಯ ತಾಳಕ್ಕೆ ಕೂತಾಗ ಸುಮಾರು 112 ಮಾತ್ರೆಗಳಾಗುತ್ತದೆ. ನಿಮಿಷಕ್ಕೆ 90 ಮಾತ್ರೆಯ ಲಯದಲ್ಲಿ ಒಮ್ಮೆ ಹಾಡಲು ಒಂದೂಕಾಲು ನಿಮಿಷ. ನಾಲ್ಕು ನಿಮಿಷದ ಹಾಡಿಗೆ ಎರಡು ಪದ್ಯ ಧಾರಾಳವಾಯಿತು. ಐದಾರು ಪದ್ಯಗಳನ್ನು ತುರುಕಿದರೆ ಹಾಡು ಓಟವಾಗುತ್ತದೆ.

3. ಪಾಠವನ್ನು ಖಚಿತಪಡಿಸಿಕೊಳ್ಳುವುದು

ಮೊಬೈಲಿನಲ್ಲಿ ಹರಿದಾಡುವ ಸಾಹಿತ್ಯವನ್ನು ನಂಬಿ ಧಾಟಿ ಕೂಡಿಸಬಾರದು. ‘ಉಳ್ಳವರು ಶಿವಾಲಯವ ಮಾಡುವರು’ ಎಂಬ ಬಸವಣ್ಣನವರ ವಚನಕ್ಕೆ ‘ಮಾಡಿಹರು’ ಎಂಬ ಪಾಠವೂ ಚಾಲ್ತಿಯಲ್ಲಿದೆ. ಮುಂದಿನ ಮಾತು ‘ನಾನೇನ ಮಾಡುವೆ’ ಎಂದೂ ‘ನಾನೇನ ಮಾಡಲಿ’ ಎಂದೂ ಸಿಗುತ್ತದೆ. ವಚನಗಳಿಗೆ ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಹೊರತಂದ ‘ಸಮಗ್ರ ವಚನ ಸಂಪುಟ’ವನ್ನೂ, ಕಾವ್ಯಗಳಿಗೆ ವಿದ್ವಾಂಸರು ಸಂಪಾದಿಸಿದ ಮುದ್ರಿತ ಆವೃತ್ತಿಯನ್ನೂ ಆಧಾರವಾಗಿಟ್ಟುಕೊಂಡು, ಯಾವ ಆವೃತ್ತಿಯ ಪಾಠ ಎಂಬುದನ್ನು ಅರ್ಜಿಯಲ್ಲೇ ನಮೂದಿಸಿ. ಹಳಗನ್ನಡದ ಱ, ೞ ಅಕ್ಷರಗಳನ್ನು ಇಂದಿನ ವಾಚನದಲ್ಲಿ ರ, ಳ ಎಂದೇ ಉಚ್ಚರಿಸುವುದು ರೂಢಿ. ಹಾಗೆಯೇ ಹಾಡಬಹುದು, ಆದರೆ ಬರಹದಲ್ಲಿ ಮೂಲ ರೂಪವೇ ಇರಲಿ.

4. ಪದಚ್ಛೇದ ಮತ್ತು ಅನ್ವಯ

ಹಾರ್ಮೋನಿಯಂ ಮುಂದೆ ಕೂರುವ ಮೊದಲು ಮಾಡಬೇಕಾದ ಕೆಲಸ ಇದು. ಇಡೀ ತಯಾರಿಯಲ್ಲಿ ಹೆಚ್ಚು ಸಮಯ ಬೇಡುವುದೂ ಇದೇ. ಕವಿತೆಯನ್ನು ಬಿಡಿಸಿ ಗದ್ಯದಂತೆ ಬರೆದುಕೊಳ್ಳಿ. ಕರ್ತೃ ಯಾರು, ಕ್ರಿಯಾಪದ ಎಲ್ಲಿದೆ, ವಾಕ್ಯ ಎಲ್ಲಿ ಮುಗಿಯುತ್ತದೆ ಎಂಬುದನ್ನು ಗುರುತಿಸಿ.

ಪಂಪಭಾರತದಲ್ಲಿ ಅರ್ಜುನನ ತೀರ್ಥಯಾತ್ರೆಯ ಸಂದರ್ಭದಲ್ಲಿ ಬರುವ ಬನವಾಸಿಯ ಪದ್ಯವನ್ನು ತೆಗೆದುಕೊಳ್ಳೋಣ. ಅದು ಹೀಗೆ ಶುರುವಾಗುತ್ತದೆ:

ತೆಂಕಣ ಗಾಳಿ ಸೋಂಕಿದೊಡಮೊಳ್ನುಡಿಗೇಳ್ದೊಡಮಿಂಪನಾಳ್ದ ಗೇ
ಯಂ ಕಿವಿವೊಕ್ಕೊಡಂ...

ಮುದ್ರಿತ ಪುಟದಲ್ಲಿ ಮೊದಲ ಸಾಲು ‘ಗೇ’ ಎಂಬಲ್ಲಿ ಮುಗಿಯುತ್ತದೆ, ಎರಡನೆಯದು ‘ಯಂ’ ಎಂದು ಶುರುವಾಗುತ್ತದೆ. ‘ಗೇಯಂ’ ಎಂಬ ಒಂದೇ ಪದ ಎರಡು ಸಾಲುಗಳಲ್ಲಿ ಹಂಚಿಹೋಗಿದೆ. ಸಾಲು ಮುಗಿಯಿತೆಂದು ಗಾಯಕರು ಅಲ್ಲಿ ಉಸಿರು ತೆಗೆದುಕೊಂಡರೆ ಹಾಡು ಎಂಬ ಪದವೇ ತುಂಡಾಗುತ್ತದೆ. ಮುಂದೆ ಮೂರನೆಯ ಸಾಲಿನ ಕೊನೆಯಲ್ಲಿಯೂ ಇಂಥದೇ ಇಕ್ಕಟ್ಟಿದೆ: ‘ಏನನೆಂಬೆನಾ’ ಎಂದು ಸಾಲು ಮುಗಿದು ‘ರಂಕುಸಮಿಟ್ಟೊಡಂ’ ಎಂದು ಮುಂದಿನದು ಮೊದಲಾಗುತ್ತದೆ. ಬಿಡಿಸಿದರೆ ಅದು ‘ಏನನೆಂಬೆಂ, ಆರ್ ಅಂಕುಸಮಿಟ್ಟೊಡಂ’. ‘ಏನೆಂದು ಹೇಳಲಿ’ ಎಂಬ ಉದ್ಗಾರ ಮುಗಿದು ‘ಯಾರು ಅಂಕುಶವಿಟ್ಟು ತಡೆದರೂ’ ಎಂಬ ಹೊಸ ಮಾತು ಹುಟ್ಟುವ ಸಂಧಿ ಸಾಲಿನ ತುದಿಯಲ್ಲಿ ಒಂದೇ ಅಕ್ಷರದಲ್ಲಿ ಅಡಗಿದೆ.

ಇನ್ನು ವಾಕ್ಯದ ನಡೆಯನ್ನು ನೋಡಿ. ತೆಂಕಣ ಗಾಳಿ ಸೋಂಕಿದರೂ, ಒಳ್ಳೆಯ ಮಾತು ಕೇಳಿದರೂ, ಇಂಪಾದ ಹಾಡು ಕಿವಿಹೊಕ್ಕರೂ, ಬಿರಿದ ಮಲ್ಲಿಗೆ ಕಂಡರೂ ಎಂದು ‘ಒಡಂ’ ಪ್ರತ್ಯಯ ಒಂದರ ಬೆನ್ನಿಗೊಂದು ಬರುತ್ತಲೇ ಹೋಗುತ್ತದೆ. ಕ್ರಿಯಾಪದ ಮಾತ್ರ ಸಿಗುವುದಿಲ್ಲ. ಅದು ಸಿಗುವುದು ಕೊನೆಯ ಸಾಲಿನಲ್ಲಿ: ‘ನೆನೆವುದೆನ್ನ ಮನಂ ಬನವಾಸಿದೇಶಮಂ’. ಪಂಪ ಕ್ರಿಯಾಪದವನ್ನು ಇಷ್ಟು ದೂರ ತಡೆಹಿಡಿದಿರುವಾಗ ಧಾಟಿ ಎರಡನೆಯ ಸಾಲಿಗೇ ಷಡ್ಜಕ್ಕೆ ಬಂದು ವಿಶ್ರಮಿಸಬಾರದು. ಪ್ರತಿ ‘ಒಡಂ’ ಮುಗಿಯದ ಮಾತೆಂಬುದು ಸ್ವರದಲ್ಲೂ ತಿಳಿಯುವಂತೆ ರಿಷಭದಲ್ಲೋ ಪಂಚಮದಲ್ಲೋ ಧೈವತದಲ್ಲೋ ತೂಗಿ ನಿಂತು, ‘ಬನವಾಸಿದೇಶಮಂ’ ಎಂಬಲ್ಲಿ ಮಾತ್ರ ಆಧಾರ ಷಡ್ಜ ದೊರೆಯುವಂತೆ ನೋಡಿಕೊಂಡರೆ ಕವಿತೆಯ ಹಂಬಲ ತಾನೇ ತಾನಾಗಿ ಹಾಡಿನ ಹಂಬಲವಾಗುತ್ತದೆ.

ಪದಚ್ಛೇದದ ವಿಷಯದಲ್ಲಿ ಸಂದೇಹ ಬಂದರೆ ಗಮಕಿಗಳ ವಾಚನವನ್ನು ಕೇಳಿ. ತಾಳದ ಹಂಗಿಲ್ಲದೆ, ರಾಗದ ಆಸರೆಯಲ್ಲಿ ಕಾವ್ಯದ ಅರ್ಥ ಕೇಳುಗರಿಗೆ ಮುಟ್ಟುವಂತೆ ಓದುವ ಕಲೆ ಗಮಕ. ಶಿವಮೊಗ್ಗ ಬಳಿಯ ಹೊಸಹಳ್ಳಿಯಲ್ಲಿ ಈ ಕಲೆಯ ದೊಡ್ಡ ಪರಂಪರೆಯೇ ಇದೆ, ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಎಲ್ಲಿ ತಡೆಯಬೇಕು, ಎಲ್ಲಿ ಕೂಡಿಸಬೇಕು ಎಂಬುದನ್ನು ಕಲಿಯಲು ಗಮಕಕ್ಕಿಂತ ಒಳ್ಳೆಯ ಶಾಲೆ ಇನ್ನೊಂದಿಲ್ಲ. ಅಲ್ಲಿಂದ ಧಾಟಿಯನ್ನು ತರುವುದು ಬೇಡ, ನಿಲುಗಡೆಯನ್ನು ಮಾತ್ರ ಕಲಿಯಿರಿ.

5. ಛಂದಸ್ಸಿನಿಂದ ಲಯಕ್ಕೆ

ಮಾತ್ರಾಗಣದ ಪದ್ಯಗಳಲ್ಲಿ ಕವಿಯೇ ಲಯವನ್ನು ಕೊಟ್ಟಿರುತ್ತಾನೆ. ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳಲ್ಲಿ 3, 4, 3, 4 ಎಂಬಂತೆ 14 ಮಾತ್ರೆಗಳು. 3 ಮತ್ತು 6ನೆಯ ಸಾಲುಗಳಲ್ಲಿ 3, 4ರ ಜೋಡಿ ಮೂರು ಬಾರಿ ಬಂದು ಮೇಲೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ (ಒಂದು ಮಾತ್ರೆಯದು ಲಘು). ಕರ್ನಾಟಕ ಸಂಗೀತದ ಮಿಶ್ರಛಾಪು ತಾಳ 3+4. ಹಿಂದುಸ್ತಾನಿಯ ದೀಪಚಂದಿ 3+4+3+4, ಒಟ್ಟು 14 ಮಾತ್ರೆ. ಅಂದರೆ ಭಾಮಿನಿಯ ಒಂದು ಸಣ್ಣ ಸಾಲು ದೀಪಚಂದಿಯ ಒಂದು ಆವರ್ತಕ್ಕೆ ಅಕ್ಷರಶಃ ಸರಿಹೊಂದುತ್ತದೆ. ಮೂರನೆಯ ಸಾಲಿನ 21 ಮಾತ್ರೆ ಕಳೆದ ಮೇಲೆ ಬರುವ ಗುರುವನ್ನು ಏಳು ಮಾತ್ರೆಗಳವರೆಗೆ ಎಳೆದರೆ ಎರಡು ಆವರ್ತ ತುಂಬುತ್ತದೆ. ಉಸಿರಿಗೂ ವಾದ್ಯದ ಒಂದು ಸಣ್ಣ ಉತ್ತರಕ್ಕೂ ಅಲ್ಲಿ ಎಡೆ ಸಿಗುತ್ತದೆ.

ಕುಮಾರವ್ಯಾಸನ ನಾಂದಿ ಪದ್ಯದಲ್ಲಿ ಇದನ್ನು ಹಚ್ಚಿ ನೋಡಿ:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ

ಶ್ರೀವ, ನಿತೆಯರ, ಸನೆ ವಿ, ಮಲ ರಾ. ಮೂರು, ನಾಲ್ಕು, ಮೂರು, ನಾಲ್ಕು. ಇಲ್ಲಿಯೂ ‘ರಾಜೀವ’ ಎಂಬ ಪದ ಸಾಲಿನ ಅಂಚಿನಲ್ಲಿ ಒಡೆದಿದೆ. ಅದರ ಜೊತೆಗೆ ಆದಿಪ್ರಾಸವೂ ಇದೆ: ಶ್ರೀವ, ಜೀವ, ಪಾವ ಎಂದು ಪ್ರತಿ ಸಾಲಿನ ಎರಡನೆಯ ಅಕ್ಷರ ‘ವ’. ಪ್ರಾಸ ಕೇಳಿಸಬೇಕಾದರೆ ‘ಜೀ’ ಅಕ್ಷರಕ್ಕೆ ಒತ್ತು ಬೀಳಬೇಕು. ಪದ ಉಳಿಯಬೇಕಾದರೆ ‘ರಾ’ ಮತ್ತು ‘ಜೀ’ ನಡುವೆ ಉಸಿರು ಕಡಿಯಬಾರದು. ಈ ಎರಡನ್ನೂ ಸಾಧಿಸುವ ದಾರಿ ಒಂದಿದೆ: ತಾಳದ ಸಮ, ಅಂದರೆ ಆವರ್ತದ ಮೊದಲ ಪೆಟ್ಟು, ಪ್ರಾಸಾಕ್ಷರವಿರುವ ಸಾಲಿನ ಆರಂಭಕ್ಕೆ ಬೀಳಲಿ, ಉಸಿರು ಮಾತ್ರ ಅರ್ಥವನ್ನು ಅನುಸರಿಸಲಿ. ‘ಶ್ರೀವನಿತೆಯರಸನೆ’ ಎಂದು ಹಾಡಿ ಉಸಿರು ತೆಗೆದುಕೊಂಡು, ‘ವಿಮಲ ರಾಜೀವಪೀಠನ ಪಿತನೆ’ ಎಂಬುದನ್ನು ಒಂದೇ ಎಳೆಯಲ್ಲಿ, ಸಮದ ಪೆಟ್ಟು ‘ಜೀ’ ಮೇಲೆ ಬೀಳುವಂತೆ ದಾಟಿಸಬೇಕು.

ಇದೇ ಪದ್ಯದ ಕೊನೆಯಲ್ಲಿ ಇನ್ನೊಂದು ಎಚ್ಚರ ಬೇಕು. ‘ಕಾವುದಾನತ ಜನವ ಗದುಗಿನ ವೀರನಾರಯಣ’ ಎಂಬಲ್ಲಿ ಕವಿ ಛಂದಸ್ಸಿಗಾಗಿ ‘ನಾರಯಣ’ ಎಂದು ಹ್ರಸ್ವ ಮಾಡಿಕೊಂಡಿದ್ದಾನೆ. ಗಾಯಕರು ರೂಢಿಯ ಬಲದಿಂದ ‘ನಾರಾಯಣ’ ಎಂದರೆ ಒಂದು ಮಾತ್ರೆ ಹೆಚ್ಚಾಗಿ ಲಯ ಜಾರುತ್ತದೆ. ಸ್ವರಲಿಪಿಯಲ್ಲಿ ಆ ಅಕ್ಷರದ ಕೆಳಗೆ ಗೆರೆ ಎಳೆದು ಕೊಡುವುದು ಒಳ್ಳೆಯದು.

ಲಕ್ಷ್ಮೀಶನ ಜೈಮಿನಿ ಭಾರತ, ರಾಘವಾಂಕನ ಹರಿಶ್ಚಂದ್ರ ಕಾವ್ಯ ಇವು ವಾರ್ಧಕ ಷಟ್ಪದಿಯಲ್ಲಿವೆ. ಅದರ ಐದು ಮಾತ್ರೆಯ ಗಣಗಳು ಖಂಡಛಾಪುವಿಗೂ ಝಪ್‌ತಾಲಕ್ಕೂ ಹೊಂದುತ್ತವೆ. ಅಕ್ಷರವೃತ್ತಗಳ ಕತೆ ಬೇರೆ. ಮೇಲೆ ನೋಡಿದ ಬನವಾಸಿಯ ಪದ್ಯ ಉತ್ಪಲಮಾಲೆ. ಸಾಲಿಗೆ 20 ಅಕ್ಷರ, 28 ಮಾತ್ರೆ. ಮೊತ್ತ 28 ಎಂದು ಕಂಡು ಆದಿತಾಳಕ್ಕೋ ಮಿಶ್ರಛಾಪುವಿಗೋ ಅದನ್ನು ಒಗ್ಗಿಸಲು ಹೊರಟರೆ ಗುರು ಲಘುಗಳ ಗುಂಪು ತಾಳದ ಅಂಗಗಳಿಗೆ ಅಡ್ಡಡ್ಡವಾಗಿ ಬೀಳುತ್ತದೆ. ವೃತ್ತಗಳನ್ನು ಶ್ಲೋಕದಂತೆ ತಾಳವಿಲ್ಲದೆ, ತಂಬೂರಿಯೊಂದರ ಜೊತೆಯಲ್ಲಿ ಹಾಡಿಸುವುದೇ ಉಚಿತವೆಂದು ನನ್ನ ಅಭಿಪ್ರಾಯ. ತಾಳ ಕಡ್ಡಾಯವಾಗಿರುವ ಸ್ಪರ್ಧೆಯಾದರೆ ಕೊನೆಯ ಸಾಲನ್ನು ಮಾತ್ರ ತಾಳಕ್ಕೆ ಕೂಡಿಸಿ, ಮೊದಲ ಮೂರನ್ನು ಬಿಡಿಯಾಗಿ ಹಾಡಿಸಬಹುದು. ಆಗ ಕ್ರಿಯಾಪದ ಬಂದ ಕ್ಷಣಕ್ಕೇ ತಾಳವೂ ಬಂದಂತಾಗುತ್ತದೆ.

6. ಹ್ರಸ್ವ, ದೀರ್ಘ, ಒತ್ತು

ಕನ್ನಡದಲ್ಲಿ ಸ್ವರದ ಉದ್ದ ಬದಲಾದರೆ ಪದವೇ ಬದಲಾಗುತ್ತದೆ. ‘ನೆನೆವುದೆನ್ನ ಮನಂ’ ಎಂಬಲ್ಲಿ ‘ಮ’ ಅಕ್ಷರವನ್ನು ಎರಡು ಮಾತ್ರೆ ಎಳೆದರೆ ಕೇಳುಗರಿಗೆ ‘ಮಾನಂ’ ಎಂದು ಕೇಳಿಸುತ್ತದೆ. ಮನಸ್ಸು ಹೋಗಿ ಮರ್ಯಾದೆ ಬರುತ್ತದೆ. ‘ಬನವಾಸಿ’ಯ ‘ಬ’ ಎಳೆದರೆ ‘ಬಾನವಾಸಿ’. ಆದರೆ ಕವಿ ಎಳೆಯಲು ಜಾಗವನ್ನು ತಾನೇ ಕೊಟ್ಟಿದ್ದಾನೆ: ‘ವಾ’ ಮತ್ತು ‘ದೇ’ ಎರಡೂ ಶುದ್ಧ ದೀರ್ಘಗಳು. ಸಂಚಾರ, ಮೀಂಡು (ಸ್ವರದಿಂದ ಸ್ವರಕ್ಕೆ ಜಾರುವುದು), ಗಮಕ (ಇಲ್ಲಿ ಸ್ವರದ ಓಲಾಟ, ಕಾವ್ಯವಾಚನವಲ್ಲ) ಏನಿದ್ದರೂ ಅಲ್ಲಿಗೆ ಸೇರಲಿ. ‘ಬನ’ ಎಂಬ ಎರಡು ಲಘುಗಳು ಚುರುಕಾಗಿ ಹಾದುಹೋಗಲಿ.

ಗುರುಗಳಲ್ಲಿ ಎರಡು ಬಗೆ ಇವೆ ಎಂಬುದನ್ನು ಅನೇಕರು ಮರೆಯುತ್ತಾರೆ. ದೀರ್ಘ ಸ್ವರವಿರುವ ಗುರುವನ್ನು ಎಷ್ಟಾದರೂ ಎಳೆಯಬಹುದು. ಮುಂದೆ ಒತ್ತಕ್ಷರವೋ ಅನುಸ್ವಾರವೋ ಇರುವುದರಿಂದ ಗುರುವಾದ ಅಕ್ಷರವನ್ನು ಹಾಗೆ ಎಳೆಯಲಾಗದು. ‘ಕಂಬ’ದಲ್ಲಿ ಉದ್ದವನ್ನು ‘ಕ’ ಮೇಲೆ ಹಾಕದೆ ಅನುಸ್ವಾರದ ಮೇಲೆ ಹಾಕಬೇಕು. ಬಾಯಿ ಮುಚ್ಚಿ ಅನುನಾಸಿಕದಲ್ಲೇ ಸ್ವರ ನಿಲ್ಲಬೇಕು. ‘ಹೊನ್ನ’ದಲ್ಲಿ ‘ನ್’ ನಿಲ್ಲುತ್ತದೆ. ‘ಸಜ್ಜನ’ದ ‘ಜ್’ ನಿಲ್ಲಲಾರದು. ಅಲ್ಲಿ ‘ಸ’ ಚಿಕ್ಕದಾಗಿ ಮುಗಿದು ಕ್ಷಣಮಾತ್ರ ಮೌನ ಬಂದು ನಂತರ ‘ಜ್ಜ’ ಸಿಡಿಯಬೇಕು. ಪ್ರತಿ ಅಕ್ಷರದ ಕೆಳಗೆ ಲಘು, ದೀರ್ಘ ಗುರು, ಒತ್ತಿನ ಗುರು ಎಂದು ಮೂರು ಬಗೆಯ ಗುರುತು ಹಾಕಿಕೊಂಡು ಆಮೇಲೆ ಸ್ವರ ಕೂಡಿಸಲು ತೊಡಗಿದರೆ ಮುಕ್ಕಾಲು ಪಾಲು ತೊಡಕು ಅಲ್ಲೇ ನೀಗುತ್ತದೆ. ವಿಳಂಬ ಲಯದಲ್ಲಿ ಎಲ್ಲ ಅಕ್ಷರಗಳೂ ಉದ್ದವಾಗುವುದು ಸಹಜ. ಆದರೂ ಲಘುವಿಗೆ ಗುರು ಇಮ್ಮಡಿ ಎಂಬ ಪ್ರಮಾಣ ಉಳಿದರೆ ಪದ ಕೆಡುವುದಿಲ್ಲ.

ಸಂಧಿಗಳಲ್ಲಿಯೂ ಇದೇ ಜಾಗ್ರತೆ ಬೇಕು. ‘ಸ್ಥಾವರಕ್ಕಳಿವುಂಟು’ ಎಂಬುದನ್ನು ತಾಳದ ಅನುಕೂಲಕ್ಕೆಂದು ‘ಸ್ಥಾವರಕ್ಕ’ ಎಂದು ನಿಲ್ಲಿಸಿ ‘ಳಿವುಂಟು’ ಎಂದು ಎತ್ತಿಕೊಂಡರೆ ‘ಅಳಿವು’ ಎಂಬ ಮಾತೇ ಅಳಿಸಿಹೋಗುತ್ತದೆ.

ವೃಂದಗಾನಕ್ಕೆ ಸಂಯೋಜಿಸುವವರು ಗಮನಿಸಬೇಕಾದ ಮಾತೊಂದಿದೆ. ಬೇರೆ ಬೇರೆ ಧ್ವನಿಗಳು ಒಂದೇ ಹೊತ್ತಿಗೆ ಬೇರೆ ಬೇರೆ ಅಕ್ಷರ ಹಾಡಿದರೆ ಮಾತು ಕಲಸಿಹೋಗುತ್ತದೆ. ಸ್ವರಗಳು ಭಿನ್ನವಾಗಿರಲಿ, ಅಕ್ಷರಗಳು ಒಟ್ಟಿಗೇ ಬೀಳಲಿ.

7. ರಾಗ ಮತ್ತು ಹಾಡಿನ ಆಕಾರ

ರಾಗವನ್ನು ಇಷ್ಟು ತಡವಾಗಿ ಹೇಳುತ್ತಿರುವುದು ಉದ್ದೇಶಪೂರ್ವಕವಾಗಿಯೇ. ಅನ್ವಯ, ಲಯ, ಅಕ್ಷರಗಳ ಉದ್ದ ಇವು ನಿಶ್ಚಯವಾದ ಮೇಲೆ ರಾಗದ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ರಾಗಗಳಿಗೆ ಅಂಟಿಕೊಂಡಿರುವ ಸಂಪ್ರದಾಯದ ನೆನಪುಗಳನ್ನು ಮರೆಯಬಾರದು: ನೀಲಾಂಬರಿ ಎಂದರೆ ಜೋಗುಳ, ಮಧ್ಯಮಾವತಿ ಎಂದರೆ ಮಂಗಳ ಎಂಬ ಭಾವನೆ ಕೇಳುಗರಲ್ಲಿ ಬೇರೂರಿದೆ. ಆ ನೆನಪು ಕವಿತೆಗೆ ನೆರವಾಗುವುದಾದರೆ ಮಾತ್ರ ಅವನ್ನು ಬಳಸಿ. ಬನವಾಸಿಯ ಪದ್ಯಕ್ಕೆ ನನ್ನ ಆಯ್ಕೆ ಸಹಾನಾ. ನೇರವಾಗಿ ಏರದೆ ಹಿಂದಿರುಗಿ ಹಿಂದಿರುಗಿ ನಡೆಯುವ ಅದರ ವಕ್ರ ಸಂಚಾರದಲ್ಲಿ ನೆನಪಿನ ಗುಣವಿದೆ. ಸಾಮಾನ್ಯ ಗಾಯಕರಿಗೆ ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗಿನ ಹರವು ಸಾಕು. ಅದರಾಚೆಗೆ ಹೋದಲ್ಲಿ ಉಚ್ಚಾರ ಮೊದಲು ಕೆಡುತ್ತದೆ.

ಇನ್ನು ಪಲ್ಲವಿಯ ಅಭ್ಯಾಸದ ವಿಚಾರ. ಭಾವಗೀತೆಗಳನ್ನು ಕೇಳಿ ಬೆಳೆದ ನಮಗೆ ಮೊದಲ ಸಾಲನ್ನು ಪಲ್ಲವಿ ಮಾಡಿ, ಪ್ರತಿ ನುಡಿಯ ಕೊನೆಗೂ ಅದಕ್ಕೇ ಮರಳುವುದು ರೂಢಿಯಾಗಿದೆ. ಪಿ. ಕಾಳಿಂಗರಾಯರಿಂದ ಮೊದಲುಗೊಂಡು ಅನಂತಸ್ವಾಮಿ, ಅಶ್ವತ್ಥ್‌ವರೆಗೆ ಹಿರಿಯರು ಕಟ್ಟಿದ ಸುಗಮ ಸಂಗೀತದಲ್ಲಿ, ನವೋದಯದ ಕವಿತೆಗಳ ನುಡಿಗಟ್ಟಿಗೆ ಆ ಆಕಾರ ಸೊಗಸಾಗಿ ಒಪ್ಪಿತು. ವಚನಕ್ಕೆ ಅದು ಒಪ್ಪುವುದಿಲ್ಲ. ಬಸವಣ್ಣನವರ ಆ ವಚನ ಹೀಗೆ ಸಾಗುತ್ತದೆ: ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡುವೆ, ಬಡವನಯ್ಯಾ. ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ. ಕೂಡಲಸಂಗಮದೇವಾ ಕೇಳಯ್ಯಾ, ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.

ಬಡವನ ಅಳಲಿನಿಂದ ಹೊರಟ ಮಾತು ತನ್ನ ದೇಹವನ್ನೇ ದೇಗುಲವಾಗಿ ಕಂಡುಕೊಂಡು ಕೊನೆಗೆ ಸ್ಥಾವರವನ್ನೇ ಮೀರಿ ನಿಲ್ಲುತ್ತದೆ. ‘ಜಂಗಮಕ್ಕಳಿವಿಲ್ಲ’ ಎಂದ ಮೇಲೆ ಮತ್ತೆ ‘ಉಳ್ಳವರು ಶಿವಾಲಯವ ಮಾಡುವರು’ ಎಂದು ಪಲ್ಲವಿಗೆ ಮರಳಿದರೆ, ಬಸವಣ್ಣ ದಾಟಿ ಬಂದ ದಾರಿಯಲ್ಲಿ ಅವರನ್ನೇ ಹಿಂದಕ್ಕೆ ಕರೆದೊಯ್ದಂತಾಗುತ್ತದೆ. ಇಲ್ಲಿ ಮೊದಲ ಸಾಲು ಒಂದೇ ಬಾರಿ ಬರಬೇಕು. ಮರುಕಳಿಸಲೇಬೇಕೆಂದಿದ್ದರೆ ಅದು ಕೊನೆಯ ಮಾತಾಗಿರಲಿ.

ಅಂಕಿತದ ಬಗ್ಗೆಯೂ ಹೀಗೆಯೇ ಯೋಚಿಸಬೇಕು. ಅಂಕಿತ ಬಂತೆಂದರೆ ತಾರಸ್ಥಾಯಿಗೆ ಏರಿ, ಅಲ್ಲಿಂದ ಇಳಿದು ಮುಗಿಸುವ ಪದ್ಧತಿಯೊಂದಿದೆ. ಆದರೆ ಈ ವಚನದಲ್ಲಿ ‘ಕೂಡಲಸಂಗಮದೇವಾ ಕೇಳಯ್ಯಾ’ ಎಂಬುದು ಮುಕ್ತಾಯವಲ್ಲ, ಮುಂದಿನ ಮಾತಿಗೆ ಕಿವಿಗೊಡು ಎಂಬ ಕರೆ. ಕರೆಯೇ ಶಿಖರವಾಗಿ, ಹೇಳಬೇಕಾದ ಮಾತು ಇಳಿಜಾರಿನಲ್ಲಿ ಕಳೆದುಹೋಗಬಾರದು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರ ವಚನ ಗಾಯನವನ್ನು ಈ ಪ್ರಶ್ನೆ ಇಟ್ಟುಕೊಂಡೇ ಕೇಳಿ ನೋಡಿ: ರಾಗ ಎಲ್ಲಿ ಅರಳುತ್ತದೆ, ಮಾತು ಬಂದಾಗ ಎಲ್ಲಿ ಹಿಂದೆ ಸರಿಯುತ್ತದೆ?

8. ಬರೆಯುವುದು, ಪರೀಕ್ಷಿಸುವುದು

ಧಾಟಿ ಒಂದು ರೂಪಕ್ಕೆ ಬಂದ ಮೇಲೆ ಅದನ್ನು ಸ್ವರಲಿಪಿಯಲ್ಲಿ ಬರೆಯಿರಿ. ಮೇಲೆ ಶ್ರುತಿ, ರಾಗ, ತಾಳ, ನಿಮಿಷಕ್ಕೆ ಎಷ್ಟು ಮಾತ್ರೆ ಎಂಬ ವಿವರ. ಕೆಳಗೆ ಸ್ವರದ ಸಾಲು, ಅದರ ಕೆಳಗೆ ಅಕ್ಷರಕ್ಕೆ ಅಕ್ಷರ ಸರಿಯಾಗಿ ಸಾಹಿತ್ಯದ ಸಾಲು. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಅಲ್ಪವಿರಾಮ ಹಾಕಿ. ಶ್ರುತಿಯನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ‘ಬಿಳಿ ಒಂದು’, ‘ಕಪ್ಪು ಮೂರು’ ಎಂದು ಬರೆದರೂ ಪಕ್ಕವಾದ್ಯದವರಿಗೆ ತಿಳಿಯುತ್ತದೆ. ಬರೆದದ್ದನ್ನು ನೋಡಿಯೇ, ನಿಮ್ಮ ಧ್ವನಿಯನ್ನು ಕೇಳದ ಇನ್ನೊಬ್ಬರು ಹಾಡಬಲ್ಲರೇ ಎಂದು ಪರೀಕ್ಷಿಸಿ.

ಆಮೇಲೆ ವಾದ್ಯಗಳಿಲ್ಲದೆ, ತಂಬೂರಿಯ ಜೊತೆ ಮಾತ್ರ ಹಾಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಆ ಕವಿತೆಯನ್ನು ಓದಿರದ ಒಬ್ಬರಿಗೆ ಅದನ್ನು ಕೇಳಿಸಿ, ಕೇಳಿದ ಮಾತುಗಳನ್ನು ಕಾಗದದ ಮೇಲೆ ಬರೆಯಲು ಹೇಳಿ. ಹಳಗನ್ನಡದ ಅರ್ಥ ಅವರಿಗೆ ಆಗದಿರಬಹುದು, ಆದರೆ ಪದಗಳ ಆಕಾರ ಸಿಗಬೇಕು. ಅವರು ತಪ್ಪಾಗಿ ಬರೆದ ಜಾಗಗಳನ್ನು ಸ್ವರಲಿಪಿಯೊಂದಿಗೆ ಹೋಲಿಸಿದರೆ ಬಹುಪಾಲು ಒಂದು ಲಘುವಿನ ಮೇಲೆ ಎರಡು ಮೂರು ಸ್ವರ ಹೇರಿರುವುದೋ ಸಂಧಿಯ ನಡುವೆ ಉಸಿರು ಬಿಟ್ಟಿರುವುದೋ ಕಂಡುಬರುತ್ತದೆ. ಅವಷ್ಟನ್ನೇ ತಿದ್ದಿ; ಇಡೀ ಧಾಟಿಯನ್ನು ಕೆಡವಬೇಕಾಗಿಲ್ಲ.

9. ಕಳುಹಿಸುವುದು ಮತ್ತು ವೇದಿಕೆ

ಹೆಸರಿಲ್ಲದೆ ಸಂಖ್ಯೆಯ ಮೂಲಕವೇ ಪರಿಶೀಲನೆ ನಡೆಯುವ ಸ್ಪರ್ಧೆಯಾದರೆ ಧ್ವನಿಮುದ್ರಿಕೆಯ ಆರಂಭದಲ್ಲಿ ಹೆಸರು ಹೇಳಬೇಡಿ. ಕಡತದ ಹೆಸರಿನಲ್ಲೂ ಅದು ಇರಬಾರದು. ಧ್ವನಿಮುದ್ರಿಕೆ, ಸ್ವರಲಿಪಿ, ಕವಿತೆಯ ಮುದ್ರಿತ ಪಾಠ, ಅರ್ಧ ಪುಟದ ಟಿಪ್ಪಣಿ ಇವು ನಾಲ್ಕೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಅಕ್ಷರ ಬಿಡದೆ ನೋಡಿ. ಟಿಪ್ಪಣಿಯಲ್ಲಿ ರಾಗದ ಮಹಿಮೆಯನ್ನು ವರ್ಣಿಸುವುದಕ್ಕಿಂತ ನೀವು ಯಾವ ಸಾಲನ್ನು ಏಕೆ ಮರುಕಳಿಸಿದಿರಿ, ಎಲ್ಲಿ ಏಕೆ ನಿಲ್ಲಿಸಿದಿರಿ ಎಂಬುದನ್ನು ಬರೆದರೆ ತೀರ್ಪುಗಾರರಿಗೆ ಉಪಯೋಗ.

ಅಂತಿಮ ಸುತ್ತು ವೇದಿಕೆಯ ಮೇಲಿದ್ದರೆ ಪಕ್ಕವಾದ್ಯದವರಿಗೆ ಸ್ವರಲಿಪಿಯೊಂದಿಗೆ ಸಾಹಿತ್ಯದ ಪ್ರತಿಯನ್ನೂ ಒಂದು ವಾರ ಮೊದಲೇ ಕೊಡಿ. ತಬಲಾದವರು ಮುಕ್ತಾಯದಲ್ಲಿ ತಿಹಾಯಿ (ಮೂರು ಬಾರಿ ಮರುಕಳಿಸಿ ಮುಗಿಸುವ ನುಡಿ) ನುಡಿಸುವುದೂ ಕೊಳಲಿನವರು ಕೊನೆಯ ಸಾಲಿನ ಬೆನ್ನಿಗೆ ಆಲಾಪ ಸೇರಿಸುವುದೂ ಅಭ್ಯಾಸಬಲದಿಂದ ನಡೆದುಹೋಗುತ್ತದೆ. ‘ಜಂಗಮಕ್ಕಳಿವಿಲ್ಲ’ ಎಂದೋ ‘ಬನವಾಸಿದೇಶಮಂ’ ಎಂದೋ ಮುಗಿಯುವ ಹಾಡಿನಲ್ಲಿ ಆ ಪದದ ಮೇಲೆ ಏನನ್ನೂ ನುಡಿಸಬಾರದು, ತಂಬೂರಿ ಮಾತ್ರ ಮುಂದುವರಿಯಬೇಕು ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು. ಅವರ ಪ್ರತಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕೊಟ್ಟು, ತಾಲೀಮಿನಲ್ಲಿ ಎರಡು ಬಾರಿಯಾದರೂ ಹಾಗೆಯೇ ಮುಗಿಸಿ ನೋಡಿ.